ಪೋಪೋ ಕೇಳದ ಪ್ರಶ್ನೆ

ಲಿಫ್ಟಿನ ಬಾಗಿಲು ತೆರೆದೊಡನೆ ಗಂಜಿಯ ಘಮ ಬಂತು. ಪ್ರೇಕ್ಷಾ ಪುಟ್ಟವಳಿದ್ದಾಗ ಕುಂದಾಪುರದ ಅಜ್ಜಿಮನೆಯಲ್ಲಿ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಮೂಗಿಗೆ ಬರುತ್ತಿದ್ದ ಘಮ. ಇದರಲ್ಲಿ ಶುಂಠಿಯೂ ಇತ್ತು, ಅಷ್ಟೇ.

ಒಳಗೆ ಪೋಪೋ ನಿಂತಿದ್ದರು. ಹಾಂಗ್‌ಕಾಂಗ್‌ನಿಂದ ಈ ಪರದೇಶಕ್ಕೆ ಬಂದು, ಪ್ರೇಕ್ಷಾಳ ಮನೆಯ ಪಕ್ಕದ ಫ್ಲ್ಯಾಟಿನಲ್ಲಿರುವ ಅಜ್ಜಿ. ಅವರ ಸ್ವೆಟರಿಗೆ ಆ ಘಮ ಅಂಟಿಕೊಂಡೇ ಇರುತ್ತದೆ.

ದಿನವೂ ಅವರದು ಒಂದೇ ಮಾತು. "ಸಿಕ್ ಜೋ ಫಾನ್ ಮೇ?" ಊಟ ಆಯ್ತಾ ಅಂತ. "ಸಿಕ್ ಜೋ!" ಅನ್ನುತ್ತಾಳೆ ಪ್ರೇಕ್ಷಾ. ಆಯ್ತು ಅಂತ. ಲಂಚ್ ಬಾಕ್ಸ್ ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂದಿದ್ದರೂ ಅದೇ ಉತ್ತರ.

ಇವತ್ತು ಪೋಪೋ ಕೇಳಲಿಲ್ಲ. ಲಿಫ್ಟಿನ ನಂಬರುಗಳನ್ನೇ ನೋಡುತ್ತಾ ನಿಂತರು.

ಯಾಕೆಂದು ಪ್ರೇಕ್ಷಾಗೆ ಗೊತ್ತಿತ್ತು. ನಿನ್ನೆ ಟ್ರ್ಯಾಮ್ ಸ್ಟಾಪಿನಲ್ಲಿ ಪೋಪೋ ಎದುರಾಗಿ ಅದನ್ನೇ ಕೇಳಿದ್ದರು. ಪ್ರೇಕ್ಷಾ ಅರ್ಥ ಹೇಳಿದ ಮೇಲೆ, ಜೊತೆಗಿದ್ದ ಕ್ಲಾಸಿನ ಸಿರಿಶಾ ಕಿಸಕ್ಕನೆ ನಕ್ಕಿದ್ದಳು.

"ಎವ್ರಿ ಡೇ ಕೇಳ್ತಾರಾ? ನಿಮ್ಮನೇಲಿ ಊಟ ಹಾಕಲ್ವೇನೇ ನಿಂಗೆ?"

ಪ್ರೇಕ್ಷಾಗೆ ಎಲ್ಲಿಲ್ಲದ ನಾಚಿಕೆಯಾಗಿ, "ಸ್ಟಾಪ್ ಆಸ್ಕಿಂಗ್ ಮಿ, ಪೋಪೋ!" ಎಂದು ಕಿರುಚಿಬಿಟ್ಟಿದ್ದಳು.

ಲಿಫ್ಟಿನಿಂದ ಮನೆಗೆ ಬಂದವಳು ಅಮ್ಮ ಹಾಕಿದ ದೋಸೆಯನ್ನು ಮುಟ್ಟಲಿಲ್ಲ. ಅಮ್ಮ ಊರಿಗೆ ಫೋನ್ ಮಾಡಿ, "ಊಟ ಆಯ್ತಾ ಅಮ್ಮ?" ಎಂದು ಅಜ್ಜಿಯನ್ನು ಕೇಳುತ್ತಿದ್ದಳು.

"ಡೈಲಿ ಸೇಮ್ ಕ್ವೆಶ್ಚನ್! ಬೋರ್ ಆಗಲ್ವಾ ನಿಂಗೆ?" ಎಂದಳು ಪ್ರೇಕ್ಷಾ, ಫೋನ್ ಇಟ್ಟ ಮೇಲೆ.

ಅಮ್ಮ ನಕ್ಕಳು. "ಅಜ್ಜಿ ಯಾವತ್ತೂ ಆಯ್ತು ಅಂತ್ಲೇ ಹೇಳೋದು ಮಗಾ. ಆದ್ರೆ ನಾನು ಒಂದಿನ ಕೇಳದಿದ್ರೆ, 'ಎಂತ, ಕೋಪವಾ?' ಅಂತಾರೆ."

ಪ್ರೇಕ್ಷಾ ತಟ್ಟೆ ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು ಹೋಗಿ ಪಕ್ಕದ ಫ್ಲ್ಯಾಟಿನ ಬೆಲ್ ಒತ್ತಿದಳು.

ಬಾಗಿಲು ತೆರೆಯಿತು.

"ಸಾರಿ ಪೋಪೋ..." ಎಂದಳು ಪ್ರೇಕ್ಷಾ. "ಸಿಕ್ ಜೋ ಫಾನ್ ಮೇ?"

ಪೋಪೋ ಅವಳನ್ನೇ ನೋಡಿದರು. "ಸಿಕ್ ಜೋ," ಎಂದರು ಮೆಲ್ಲಗೆ. ಆಮೇಲೆ, "ಯೂ?"

"ಸಿಕ್ ಜೋ" ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಪ್ರೇಕ್ಷಾ ಅದನ್ನು ನುಂಗಿಕೊಂಡು, ಇಲ್ಲವೆಂದು ತಲೆಯಾಡಿಸಿದಳು.

ಪೋಪೋ ಒಳಗೆ ಹೋದರು. ಮರಳಿ ಬಂದಾಗ ಎರಡೂ ಕೈಯಲ್ಲಿ ಒಂದು ಬಟ್ಟಲು ಹಿಡಿದಿದ್ದರು. ಬಿಸಿ ಗಂಜಿ, ಮೇಲೆ ಸಣ್ಣಗೆ ಹೆಚ್ಚಿದ ಶುಂಠಿ.

ಪ್ರೇಕ್ಷಾಳೂ ಎರಡೂ ಕೈ ಚಾಚಿದಳು.