ಮನೆಗೆ ಹೋಗಿ ತಿಳಿಸ್ತೀವಿ

ಅವನ ಮೇಲೆ ಸೇಡು ತೀರಿಸಿಕೊಳ್ಳಲೇಬೇಕು ಎಂದು ನಾನು ಹಲ್ಲು ಕಚ್ಚಿದಾಗ ನನ್ನ ಕಿವಿಯಲ್ಲಿ ಅವನದೇ ಹಾಡು ಓಡುತ್ತಿತ್ತು. ಇಯರ್‌ಫೋನ್ ಕಿತ್ತು ಬಸ್ಸಿನ ಕಿಟಕಿಯಿಂದ ಎಸೆಯುವಷ್ಟು ಸಿಟ್ಟು. ಆದರೂ ಹಾಡು ಮುಗಿಯುವ ತನಕ ಕೀಳಲಿಲ್ಲ. ನನ್ನ ಹಣೆಬರಹ!

ಮೂಡಿಗೆರೆಯ ಒಂದು ಗೊಬ್ಬರದ ಅಂಗಡಿಯಲ್ಲಿ ಬಿಲ್ ಹಾಕುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಯೂಟ್ಯೂಬ್ ಅವನನ್ನು ತಂದು ನನ್ನೆದುರು ನಿಲ್ಲಿಸಿತು. ದೇವ್ ಮಲ್ಲಂದೂರು. ಹೆಗಲು ಮುಟ್ಟುವ ಕೂದಲು, ಗಡ್ಡ, ಕೊರಳಿಗೆ ಕೆಂಪು ಗಿಟಾರ್. ರಾಕ್ ಎಂದರೆ ಬರೀ ಕಿರುಚಾಟ ಎಂದುಕೊಂಡಿದ್ದೆ. ಇವನೂ ಕಿರುಚುತ್ತಿದ್ದ, ಆದರೆ ನಮ್ಮ ಕಡೆಯ ಮಾತಿನಲ್ಲಿ. ಘಾಟಿಯಲ್ಲಿ ಕೆಟ್ಟು ನಿಂತ ಜೀಪಿನ ಮೇಲೆ, ಕಾಲಿಗೆ ಹತ್ತಿದ ಜಿಗಣೆಯ ಮೇಲೆ, ಹೇಳದೇ ಉಳಿದ ಪ್ರೀತಿಯ ಮೇಲೆ ಹಾಡುಗಳನ್ನು ತಾನೇ ಬರೆದು, ತಾನೇ ನುಡಿಸಿ, ತಾನೇ ಹಾಡುತ್ತಿದ್ದ. ದನಿ ಒಡೆಯುವ ಜಾಗದಲ್ಲಿ ಕಣ್ಣು ಮುಚ್ಚುತ್ತಿದ್ದ. ಅವನು ಕಣ್ಣು ಮುಚ್ಚಿದರೆ ಇಲ್ಲಿ ನನ್ನ ಬಿಲ್ ತಪ್ಪುತ್ತಿತ್ತು.

ಹುಚ್ಚೇ ಹಿಡಿಯಿತು. ಯೂರಿಯಾ ಕೊಳ್ಳಲು ಬಂದವರನ್ನೂ ಬಿಡಲಿಲ್ಲ. "ಅಣ್ಣ, ಒಂದ್ನಿಮಿಷ, ಈ ಗಿಟಾರ್ ಪೀಸ್ ಕೇಳ್ಕೊಂಡು ಹೋಗಿ" ಎಂದರೆ, ಪಾಪ, ಮೂಟೆ ಹೊತ್ತುಕೊಂಡೇ ನಿಂತು ಕೇಳುತ್ತಿದ್ದರು.

"ಅಲ್ಲ ಮಾರಾಯ್ತಿ, ಅವನ ಪರವಾಗಿ ಅವನ ಅಮ್ಮನೂ ಇಷ್ಟು ಕ್ಯಾನ್ವಾಸ್ ಮಾಡಿರ್ಲಿಕ್ಕಿಲ್ಲ," ಎಂದು ಜೊತೆಗೆ ಕೆಲಸ ಮಾಡುವ ಮೇಘಶ್ರೀ ನಗುತ್ತಿದ್ದಳು.

ಆಮೇಲೆ ಅವನ ಹೊಸ ಹಾಡು ಬಂತು. ಸಂಜೆ ನಮ್ಮೂರು ಜಾವಳಿಗೆ ಹೋಗುವ ಬಸ್ಸಿನಲ್ಲಿ ಕೂತು ಆಸೆಯಿಂದ ಒತ್ತಿದೆ.

"ಬದುವಿನ ಮ್ಯಾಲಿನ ಬೆಳ್ಳಕ್ಕಿ, ಯಾರನ್ನ ಕಾಯ್ತೀಯೆ? ಒಂಟಿ ಕಾಲಲಿ ನಿಂತ್ಕೊಂಡು ಯಾರನ್ನ ಕಾಯ್ತೀಯೆ?"

ಅಯ್ಯೋ, ಇದು ನನ್ನ ಅಜ್ಜಿ ರಂಗಮ್ಮನ ಹಾಡು! ನಾಟಿ ಗದ್ದೆಯಲ್ಲಿ ಅಜ್ಜಿ ತಾನೇ ಕಟ್ಟಿ ಹೇಳುತ್ತಿದ್ದದ್ದು. ಯಾರ ಬಾಯಿಂದಲೋ ಕೇಳಿರಬಹುದು ಎಂದುಕೊಳ್ಳುವಷ್ಟರಲ್ಲಿ ಮೂರನೆಯ ಸಾಲಿನ ಜಾಗ ಬಂತು. ಅಲ್ಲಿ ಮಾತಿರಲಿಲ್ಲ. ಬರೀ ಗುನುಗು, ನಡುವೆ ಉಸಿರು ಸಿಕ್ಕಿಕೊಂಡಂಥ ಒಂದು ಸಣ್ಣ ತಡೆ.

ಅಜ್ಜಿಯ ಹಾಡಿನಲ್ಲಿ ಗುನುಗು ಇಲ್ಲ. ಅದು ನನ್ನದು. ನಾನು ಅದನ್ನು ಗುನುಗಿದ್ದು ಜೀವನದಲ್ಲಿ ಒಂದೇ ಸಲ.

ಹೋದ ವರ್ಷ ಮಲ್ಲಂದೂರಿನಿಂದ ನನ್ನನ್ನು ನೋಡಲು ಒಂದು ಗಂಡು ಬಂದಿತ್ತು. ಹೆಸರು ದೇವೇಂದ್ರ, ಎಸ್ಟೇಟಿನಲ್ಲಿ ರೈಟರ್, ಲೆಕ್ಕ ಹಾಜರಿ ನೋಡಿಕೊಳ್ಳುವ ಕೆಲಸ. ಮಾತೆಲ್ಲ ಅವನ ಮಾವ ಬಸವರಾಜಪ್ಪನವರದೇ. "ಹುಡುಗಿಗೆ ಹಾಡು ಬರುತ್ತಾ?" ಎಂದರು. ಅಮ್ಮ ಕಣ್ಸನ್ನೆ ಮಾಡಿದಳು. ಅಜ್ಜಿಯ ಹಾಡು ಶುರು ಮಾಡಿದೆ. ಮೂರನೆಯ ಸಾಲು ಹೆದರಿಕೆಗೆ ಮರೆತುಹೋಯಿತು. ಗುನುಗಿ ದಾಟಿಸಿದೆ. ಉಪ್ಪಿಟ್ಟು ಕೇಸರಿಬಾತ್ ತಿಂದು ಬಾಯಿ ಒರೆಸಿಕೊಂಡು ಮಾವನವರು "ಮನೆಗೆ ಹೋಗಿ ತಿಳಿಸ್ತೀವಿ" ಎಂದರು.

ತಿಳಿಸಲಿಲ್ಲ. ಬೇಡ ಎಂದಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆ. ಫೋನ್ ಹೊಡೆದುಕೊಂಡಾಗೆಲ್ಲ ಅಪ್ಪ ಕೈ ಒರೆಸಿಕೊಂಡು ಓಡುತ್ತಿದ್ದರಲ್ಲ, ಅದು ನನ್ನ ಹೊಟ್ಟೆ ಉರಿಸಿತು. ಮೂಡಿಗೆರೆ ಸಂತೆಯಲ್ಲಿ ಕಂಡವರೆಲ್ಲ "ಏನಾಯ್ತು ಕೃಷ್ಣಪ್ಪಣ್ಣ, ಮಲ್ಲಂದೂರಿನದ್ದು?" ಎಂದು ಕೇಳುವುದು, ಅಪ್ಪ ಚೀಲ ಸರಿಮಾಡಿಕೊಳ್ಳುವುದು.

ಅವತ್ತು ನಾನು ತಲೆ ಎತ್ತಿರಲಿಲ್ಲ. ನೋಡಿದ್ದು ಅವನ ಕಾಲು ಮಾತ್ರ. ಬಲಗಾಲಿನ ಎರಡನೆಯ ಬೆರಳು ಹೆಬ್ಬೆರಳಿನ ಮೇಲೆ ಹತ್ತಿ ಕೂತಿತ್ತು. ಈಗ ವೀಡಿಯೊ ಹಿಂದೆ ತಳ್ಳಿ ನೋಡಿದೆ. ದೇವ್ ಮಲ್ಲಂದೂರು ಬರಿಗಾಲಲ್ಲಿ ನಿಂತಿದ್ದ. ಅದೇ ಬೆರಳು. ಕೆಳಗೆ ಬರೆದಿತ್ತು: ಸಾಹಿತ್ಯ, ಸಂಗೀತ, ಗಾಯನ ದೇವ್ ಮಲ್ಲಂದೂರು.

ಕಳ್ಳ! ನನಗೆ ಒಂದು ಮಾತು ತಿಳಿಸಲಾಗದವನು ನನ್ನ ತಪ್ಪನ್ನೂ ಬಿಡದೆ ಕದ್ದು ಊರಿಗೆಲ್ಲ ತಿಳಿಸಿದ್ದಾನೆ. ಇಂಥವನ ದನಿಗೆ ಮನಸ್ಸು ಕೊಟ್ಟು ಕೂತಿದ್ದೇನಲ್ಲ ಎಂದು ನನ್ನ ಮೇಲೂ ಸಿಟ್ಟು ಬಂತು.

"ಸರ್, ನಾನು ನಿಮ್ಮ ದೊಡ್ಡ ಫ್ಯಾನ್. ಒಂದ್ಸಲ ಮೀಟ್ ಆಗ್ಬೇಕು," ಎಂದು ಅವನ ಚಾನೆಲ್ಲಿನಲ್ಲಿದ್ದ ನಂಬರಿಗೆ ಮೆಸೇಜ್ ಹಾಕಿದೆ. ಹೆಸರು ಹಾಕಲಿಲ್ಲ. ಭಾನುವಾರ ಬನ್ನಿ, ಎಸ್ಟೇಟಿನ ಹಳೇ ಗೋಡೌನಿನಲ್ಲಿ ಪ್ರಾಕ್ಟೀಸ್ ಇರುತ್ತೆ ಎಂದು ಉತ್ತರ ಬಂತು.

ಹೋದೆವು. ನಾನು, ಮೇಘಶ್ರೀ, ನಡುವೆ ರೇಷ್ಮೆ ಸೀರೆ ಉಟ್ಟ ಅಜ್ಜಿ.

ಬಾಗಿಲು ತೆರೆದವನು ನನ್ನನ್ನು ಕಂಡದ್ದೇ ಗೋಡೆ ಹಿಡಿದುಕೊಂಡ. ಅಂದರೆ ಅವತ್ತು ಅವನು ನನ್ನ ಮುಖ ನೋಡಿದ್ದ, ಮರೆತೂ ಇರಲಿಲ್ಲ. ಒಳಗೇ ಹಿಗ್ಗಿದರೂ ತೋರಿಸಿಕೊಳ್ಳಲಿಲ್ಲ.

"ನೀವು... ಜಾವಳಿ..."

"ಹುಡುಗನ್ನ ನೋಡೋಕೆ ಬಂದಿದ್ದೀವಿ," ಎಂದೆ. "ಕಾಫಿ ಮಾಡೋಕೆ ಬರುತ್ತಾ?"

ಪೆಚ್ಚಾಗಿ ಕಾಫಿ ಮಾಡಿ ತಂದ. ತಟ್ಟೆ ಹಿಡಿದು ನನ್ನೆದುರು ಬಗ್ಗಿದ. ನಾನು ಬೇಕೆಂದೇ ನಿಧಾನವಾಗಿ ಲೋಟ ತೆಗೆದುಕೊಂಡೆ. ಗಡ್ಡದ ಹಿಂದೆ ಕಿವಿ ಕೆಂಪಾಗಿದ್ದು ಕಾಣುತ್ತಿತ್ತು.

"ಸಕ್ಕರೆ ಜಾಸ್ತಿ," ಎಂದಳು ಮೇಘಶ್ರೀ.

"ಸ್ವಲ್ಪ ಆ ಕಡೆಗೆ ನಡೆದು ತೋರಿಸಪ್ಪ," ಎಂದರು ಅಜ್ಜಿ. ಅವರಿಗೆ ಎಲ್ಲಿಲ್ಲದ ಖುಷಿ.

ನಡೆದ. ತಿರುಗುವಾಗ ನನ್ನ ಕಡೆ ಒಂದು ನೋಟ ಬೀರಿದ, ಹೊಡೀರಿ ಬೇಕಾದ್ರೆ ಎನ್ನುವ ಹಾಗೆ. ನಾನು ಅವನ ಕಾಲಿನ ಬೆರಳು ನೋಡುತ್ತ ಕೂತೆ.

"ಹಾಡು ಬರುತ್ತಾ?" ಎಂದೆ.

ಗಿಟಾರಿನ ಪ್ಲಗ್ ಕೂಡ ಹಾಕದೆ ಹಾಡಿದ. ಮೂರನೆಯ ಸಾಲಿನ ಜಾಗಕ್ಕೆ ಬಂದು, ಕಣ್ಣು ಮುಚ್ಚಿ, ನನ್ನ ಗುನುಗನ್ನು ನಾನು ಗುನುಗಿದ್ದಕ್ಕಿಂತ ಮೆತ್ತಗೆ ಗುನುಗಿದ. ನನ್ನ ಕೈಯಲ್ಲಿದ್ದ ಕಾಫಿ ಆರಿಹೋಯಿತು.

"ಅಯ್ಯೋ ಮಾರಾಯ, ಅಲ್ಲೊಂದು ಸಾಲಿದೆ, ಕೇಳು..." ಎಂದು ಅಜ್ಜಿ ಬಾಯಿ ತೆರೆದರು.

"ಅಜ್ಜಿ! ಹೇಳಿದ್ರೆ ನೋಡು!" ಎಂದು ಬಾಯಿ ಮುಚ್ಚಿಸಿದೆ.

ಅವನು ಗಿಟಾರ್ ಕೆಳಗಿಟ್ಟ. "ಮಾವ ಬೇಡ ಅಂದ್ರು. ನೀವೇ ಫೋನ್ ಮಾಡಿ ಹೇಳಿ ಅಂದೆ, ನೀನೇ ಹೇಳು ಅಂದ್ರು. ನಂಗೆ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ ರಂಜಿತಾ ಅವ್ರೇ. ಆ ಗುನುಗು ತಲೆಯಿಂದ ಹೋಗ್ಲೇ ಇಲ್ಲ. ಎಲ್ಲಾದ್ರೂ ನೀವು ಕೇಳ್ತೀರೇನೋ ಅಂತ ಹಾಡು ಮಾಡ್ದೆ."

"ಕೇಳ್ದೆ. ನಿಮ್ಮ ಹೆಸರನ್ನೂ ಓದ್ದೆ. ನಮ್ಮ ಅಜ್ಜಿ ಹೆಸರು ಎಲ್ಲಿ? ನಮ್ಮಪ್ಪ ಫೋನ್ ಹತ್ರ ಕಾದ್ರಲ್ಲ, ಅದಕ್ಕೆ ಯಾವ ರಾಗ ಹಾಕ್ತೀರಿ?"

ಅವನ ಕಣ್ಣು ತುಂಬಿತು. "ತಪ್ಪಾಯ್ತು," ಎಂದ. "ಈಗ ಏನು ಮಾಡ್ಲಿ, ಹೇಳಿ."

ನಾನು ಎದ್ದು ಸೆರಗಿನಿಂದ ಬಾಯಿ ಒರೆಸಿಕೊಂಡೆ. ಈ ಕ್ಷಣಕ್ಕಾಗಿಯೇ ಸೀರೆ ಉಟ್ಟುಕೊಂಡು ಬಂದಿದ್ದೆ.

"ಮನೆಗೆ ಹೋಗಿ ತಿಳಿಸ್ತೀವಿ."

ತಿಳಿಸಲಿಲ್ಲ. ಅವನು ಮೆಸೇಜ್ ಹಾಕಿದ, ಓದಿ ಬಿಟ್ಟೆ. ಫೋನ್ ಮಾಡಿದ, ಬಿಲ್ ಹಾಕುತ್ತ ಹೊಡೆದುಕೊಳ್ಳಲು ಬಿಟ್ಟೆ. ಆಹಾ, ಎಂಥ ಸುಖ! ಆದರೆ ಫೋನ್ ಸುಮ್ಮನಿದ್ದ ದಿನ ನಾನೇ ಅದನ್ನು ಎತ್ತಿ ಎತ್ತಿ ನೋಡುತ್ತಿದ್ದೆ. ಮೇಘಶ್ರೀ ಕಂಡರೂ ಕಾಣದ ಹಾಗೆ ಇದ್ದಳು. ಒಂದು ದಿನ ನೋಡಿದರೆ ಹಾಡಿನ ಕೆಳಗೆ ಹೆಸರು ಬದಲಾಗಿತ್ತು: ಪಲ್ಲವಿ ಕಟ್ಟಿದ್ದು ಜಾವಳಿ ರಂಗಮ್ಮ, ಗುನುಗಿದ್ದು ರಂಜಿತಾ. ಅಜ್ಜಿ ಅದನ್ನು ಊರಿನವರಿಗೆಲ್ಲ ತೋರಿಸಿಕೊಂಡು ಬಂದರು. ನಾನು ಆಗಲೂ ಉತ್ತರ ಕೊಡಲಿಲ್ಲ.

ಆಮೇಲಿನ ಭಾನುವಾರ ನಮ್ಮ ಮನೆ ಮುಂದೆ ಜೀಪ್ ನಿಂತಿತು. ಇಳಿದವರು ಬಸವರಾಜಪ್ಪನವರು, ಹಿಂದೆ ಅವನು. ಒಳಗೆ ಬಂದವನು ಕೂರಲಿಲ್ಲ. ನೇರ ಅಪ್ಪನ ಎದುರು ಹೋಗಿ ನಿಂತ.

"ಮನೆಗೆ ಹೋಗಿ ತಿಳಿಸ್ತೀವಿ ಅಂದಿದ್ವಿ. ತಿಳ್ಸೋಕೆ ಬಂದಿದ್ದೀನಿ. ತುಂಬಾ ತಡ ಆಯ್ತು. ನಂಗೆ ಒಪ್ಪಿಗೆ. ಅವತ್ತೂ ಒಪ್ಪಿಗೆನೇ ಇತ್ತು."

ಬಸವರಾಜಪ್ಪನವರು ಟವಲ್ಲು ಸರಿಮಾಡಿಕೊಂಡು, "ನಂದೇ ತಪ್ಪು ಕೃಷ್ಣಪ್ಪನೋರೆ," ಎಂದರು. ಅಪ್ಪ ಕುರ್ಚಿ ಎಳೆದು ಕೊಟ್ಟರು. ಅವರ ಮುಖ ನೋಡಿದೆ. ನನ್ನ ಸೇಡು ಅಲ್ಲಿ ಮುಕ್ಕಾಲು ತೀರಿತು.

ಕಾಫಿ ಕೊಡಲು ಹೋದಾಗ ಈ ಸಲ ತಲೆ ಎತ್ತಿ ಅವನ ಮುಖವನ್ನೇ ನೋಡಿದೆ. ನೆಲ ನೋಡಿದವನು ಅವನು.

"ಹುಡುಗಿ ಏನು ಹೇಳ್ತಾಳೆ?" ಎಂದರು ಬಸವರಾಜಪ್ಪನವರು.

"ಒಪ್ಪಿಗೆ," ಎಂದೆ. "ಆದ್ರೆ ಆ ಮೂರನೇ ಸಾಲು ಮಾತ್ರ ಕೊಡಲ್ಲ. ಗುನುಗ್ತಾ ಇರ್ಲಿ."

ಅವನು ಈಗ ತಲೆ ಎತ್ತಿದ. ಕಣ್ಣಲ್ಲಿ ನಗು. "ಎಷ್ಟು ದಿನ?"

"ಮನೆಗೆ ಹೋಗಿ ತಿಳಿಸ್ತೀನಿ."

"ಯಾರ ಮನೆಗೆ?"

"ನಿಮ್ಮನೆಗೇ," ಎಂದು ಒಳಗೆ ಓಡಿದೆ.