ನಾಲ್ಕನೇ ಗುಂಡಿಯ ಎಣ್ಣೆ

ಹೆಣ ಸಿಕ್ಕಿದ್ದು ಕಾರಿಡಾರಿನ ನೀರಿನ ಡ್ರಮ್ಮಿನಲ್ಲಿ. ಮೊದಲು ಕಂಡವಳು ನಾನು, ಮಾಧುರಿ. ಪುಣೆಯಲ್ಲಿ ನನ್ನ ಕಣ್ಣು ತಪ್ಪಿಸಿ ಇರುವೆಯೂ ರಸ್ತೆ ದಾಟುವುದಿಲ್ಲ. ನಾನು ಚೀರಿದ ರಭಸಕ್ಕೆ ಮಗರಪಟ್ಟಾದ ಗೋಪುರಗಳ ಗಾಜು ನಡುಗಿದವು.

ಹೆಣವೆಂದರೆ ಮನುಷ್ಯರದಲ್ಲ. ನಮ್ಮ ಕಾಲೇಜಿನ ರಿಸೀವರ್. ೨೦೦೬ರಲ್ಲಿ ಇಡೀ ಏಷ್ಯಾ ಖಂಡಕ್ಕೆ ಇದೊಂದೇ ಎಂದು ನಾನೇ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಪ್ರತಿ ವಿದ್ಯಾರ್ಥಿಗೂ ಒಂದು ರಿಮೋಟ್. ಅದರಲ್ಲಿ ಮೇಲಿನಿಂದ ಕೆಳಗೆ ನಾಲ್ಕು ಗುಂಡಿ. ಸರ್ ಪ್ರಶ್ನೆ ಕೇಳುತ್ತಾರೆ, ನಾವು ಒತ್ತುತ್ತೇವೆ, ರಿಸೀವರ್ ಎಣಿಸುತ್ತದೆ, ಗೋಡೆಯ ತೆರೆಯ ಮೇಲೆ ಲೆಕ್ಕ ಮೂಡುತ್ತದೆ. ಒತ್ತಿದವರಿಗೆ ಹಾಜರಿ. ಹೆಸರು ಕೂಗುವ ಕಾಟವೇ ಇಲ್ಲ.

ಅಂಥ ಯಂತ್ರವನ್ನು ಯಾರೋ ಗೋಡೆಯಿಂದ ಕಿತ್ತು ನೀರಲ್ಲಿ ಮುಳುಗಿಸಿದ್ದರು.

ಪ್ರಿನ್ಸಿಪಾಲ್ ಸುಲಭಾ ಮೇಡಂ ಕ್ಷಣದಲ್ಲಿ ಅಪರಾಧಿಯನ್ನು ಹಿಡಿದರು. ಯಂತ್ರದ ಉಸ್ತುವಾರಿ ನಮ್ಮ ತರಗತಿಯ ಸಂಜುವಿನದು. ನಿನ್ನೆ ಪಾಠದ ಹಾಲ್‌ನಿಂದ ಕೊನೆಗೆ ಹೊರಬಿದ್ದವನೂ ಅವನೇ. ಬೀಗ ಜಗ್ಗಿದರೆ ತೆರೆದುಕೊಳ್ಳುತ್ತದೆ, ಯಾರು ಬೇಕಾದರೂ ಒಳಗೆ ಹೋಗಬಹುದು ಎಂದು ಅವನು ಬಡಕೊಂಡರೂ ಮೇಡಂ ಕೇಳಲಿಲ್ಲ. ಸಂಜೆಯೊಳಗೆ ಬೇರೆ ಹೆಸರು ಸಿಗದಿದ್ದರೆ ಅವನು ಕಾಲೇಜಿನಿಂದ ಹೊರಗೆ.

ಸಂಜು ಮೆಟ್ಟಿಲ ಮೇಲೆ ಕುಸಿದಿದ್ದ.

"ಮುಗೀತ್ ನನ್ ಕಥಿ. ನಾಳಿಂದ ಮಾರ್ಕೆಟ್ ಯಾರ್ಡಿನಾಗ ಅಪ್ಪನ ಸಂಗಟ ಉಳ್ಳಾಗಡ್ಡಿ ಚೀಲ ಎಣಸೂದು."

"ಅಳಬ್ಯಾಡೋ. ನಾ ಅದೀನಿ."

"ಅದಕ್ಕ ಅಳು ಬರ್ಲಿಕತ್ತದ."

* * *

ನನ್ನ ಮೊದಲ ಅನುಮಾನ ದಿಗಂಬರ ಸರ್ ಮೇಲೆ. ಧಾರವಾಡದವರು, ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು. ಪಾಠ ಮಾಡುವಾಗ ಕರಿಹಲಗೆ ಬಿಟ್ಟು ಏನನ್ನೂ ನೋಡರು. ಕೊನೆಗೆ ಮಾತ್ರ ತಿರುಗಿ "ತಿಳೀತೇನು?" ಎನ್ನುವರು. "ಹೌದು ಸರ್" ಎಂದು ಇಡೀ ತರಗತಿ ಕೂಗುತ್ತಿತ್ತು.

ನಿನ್ನೆ ಅದನ್ನೇ ಯಂತ್ರದಲ್ಲಿ ಕೇಳಿದರು. ಮೊದಲನೇ ಗುಂಡಿ: ಪೂರಾ ತಿಳಿಯಿತು. ನಾಲ್ಕನೇ ಗುಂಡಿ: ಏನೂ ತಿಳಿಯಲಿಲ್ಲ. ತೆರೆಯ ಮೇಲೆ ಮುಕ್ಕಾಲು ತರಗತಿ ನಾಲ್ಕನೇ ಗುಂಡಿ ಒತ್ತಿತ್ತು. ಸರ್ ಕೈಯಿಂದ ಸೀಮೆಸುಣ್ಣ ಜಾರಿತು. ಆ ಸದ್ದು ದೂರದ ಶಿರೂರಿಗೂ ಕೇಳಿಸಿರಬೇಕು.

ಇದಕ್ಕಿಂತ ದೊಡ್ಡ ಕಾರಣ ಬೇಕೇ? ಸೀದಾ ಸ್ಟಾಫ್ ರೂಮಿಗೆ ನುಗ್ಗಿದೆ. ಸರ್ ರಾಜೀನಾಮೆ ಬರೆಯುತ್ತಿದ್ದರು.

"ಸರ್, ಆ ರಿಸೀವರ್ ನೀವ ಮುಳುಗಿಸಿದ್ರೇನ್ರಿ?"

"ನಾ ಯಾಕ ಮುಳುಗಸ್ಲೆವ್ವಾ? ಯಾರ ರಿಮೋಟಿನಿಂದ ಯಾವ ಉತ್ತರ ಬಂತು ಅನ್ನೂದು ಅದರಾಗನ ಇತ್ತು. ತಿಳೀಲಾರದವರನ್ನ ಒಬ್ಬೊಬ್ಬರನ್ನ ಮನೀಗೆ ಕರದು ಹೇಳಿಕೊಟ್ಟು, ಆಮ್ಯಾಲೆ ನೌಕರಿ ಬಿಡೂದಂತ ಮಾಡಿದ್ದೆ. ನಿನ್ನೆ ಮುಂದಿನ ಬೆಂಚಿನವರಿಗೆ ಹೇಳೂ ಹೇಳಿದ್ದೆ."

"ಬಿಡೂದ್ಯಾಕ್ರಿ ಸರ್?"

"ಇಷ್ಟು ವರ್ಷ ಹೌದು ಸರ್, ಹೌದು ಸರ್ ಅಂದ್ರು. ನಾ ನಂಬಿಕೋತ ಬಂದೆ. ಎಷ್ಟು ಮಂದಿ ಹುಡುಗರಿಗೆ ಮೋಸ ಮಾಡೀನೋ ಏನೋ." ಅವರ ಪೆನ್ನು ಮುಂದಕ್ಕೆ ಹೋಗಲಿಲ್ಲ.

ಸರ್ ಅಲ್ಲ. ಯಂತ್ರ ಉಳಿಯಬೇಕೆಂದು ಇವರಷ್ಟು ಬಯಸಿದವರೇ ಇಲ್ಲ. ಹಾಗಾದರೆ ಅದು ಬಾಯಿ ಬಿಡಬಾರದೆಂದು ಬಯಸಿದವರು ಯಾರು? ನಾಲ್ಕನೇ ಗುಂಡಿಯವರು ಸರ್ ಮನೆಗೆ ಹೋದರೆ ಯಾರಿಗೆ ಕುತ್ತು?

ಆಗ ನನ್ನ ತಲೆಯಲ್ಲಿ ಸಾವಿರ ದೀಪ ಹತ್ತಿದವು. ನಿನ್ನೆ ಹಾಲ್‌ನಲ್ಲಿ ಅರ್ಧಕ್ಕರ್ಧ ಬೆಂಚುಗಳು ಖಾಲಿ. ತೆರೆಯಲ್ಲಿ ಮಾತ್ರ ಓಟು ಪೂರ್ತಿ!

* * *

ಗಣಪತಿ ಹಬ್ಬ ಹತ್ತಿರ ಬಂದಿತ್ತು. ನಮ್ಮ ಹುಡುಗರ ಢೋಲ್ ತಂಡ ನದಿ ದಂಡೆಯಲ್ಲಿ ಅಭ್ಯಾಸಕ್ಕೆ ಬಿದ್ದಿತ್ತು. ತಂಡದ ನಾಯಕ ಋಷಿಕೇಶನ ಕಿವಿಗೆ ಬಾಯಿ ಹಚ್ಚಿ ಮರಾಠಿಯಲ್ಲಿ ಕೂಗಿದೆ:

"ನಿನ್ನೆ ಪಾಠ ತಿಳಿಯಲಿಲ್ಲ ಅಂತ ಒತ್ತಿದೆಯಂತಲ್ಲ?"

"ಯಾವ ಪಾಠ?" ಎಂದ. ಆಮೇಲೆ ನಾಲಿಗೆ ಕಚ್ಚಿಕೊಂಡ.

ನಿಮ್ಮ ಪರವಾಗಿ ಒತ್ತಿದವರು ಯಾರು ಎಂದರೆ ಬಾಯಿ ಬಿಡಲೊಲ್ಲ. ಬಿಡದಿದ್ದರೇನು? ಅವನ ರಿಮೋಟ್ ಕಿತ್ತುಕೊಂಡೆ. ಅವನ ಗೆಳೆಯರದೂ. ಮೂರು ಗುಂಡಿ ಸ್ವಚ್ಛ. ನಾಲ್ಕನೆಯದರ ಮೇಲೆ ಮಾತ್ರ ಎಣ್ಣೆ, ಅಂಚಿನಲ್ಲಿ ಕರಿ ಪುಡಿ. ಎಲ್ಲದರಲ್ಲೂ ಹಾಗೇ. ಮೂಸಿದೆ.

ಎಣ್ಣೆ ಕಲಸಿ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಗುರೆಳ್ಳು ಹಿಂಡಿ!

ಆ ಪಾಠ ಊಟದ ಬಿಡುವಿನ ನಂತರದ್ದು. ಈ ತಂಡ ತಿನ್ನುವುದು ವಡಾಪಾವ್. ಸಂಜು ಉಣ್ಣುವುದು ಮೆಸ್ಸಿನಲ್ಲಿ. ನಮ್ಮ ತರಗತಿಗೆ ಗುರೆಳ್ಳು ಹಿಂಡಿ ಬರುವುದು ಒಂದೇ ಡಬ್ಬಿಯಲ್ಲಿ. ಅದರ ಮುಕ್ಕಾಲು ಪಾಲು ಖಾಲಿ ಮಾಡುವ ಬಾಯಿ ನನ್ನದೇ. ತಪ್ಪುವ ಮಾತೇ ಇಲ್ಲ.

* * *

ಸಂಜೆ. ಸುಲಭಾ ಮೇಡಂ ಕೋಣೆ. ಸಂಜು, ದಿಗಂಬರ ಸರ್, ನಾನು. ನನ್ನ ಪಕ್ಕದಲ್ಲಿ ನಾನೇ ಕರೆತಂದ ಮಂಜರಿ: ಆ ಹಿಂಡಿ ಡಬ್ಬಿಯ ಒಡತಿ, ಮುಂದಿನ ಬೆಂಚಿನವಳು, ತರಗತಿಗೆ ಮೊದಲಿಗಳು, ಸರ್ ಮೆಚ್ಚಿನ ಶಿಷ್ಯೆ.

ರಿಮೋಟುಗಳನ್ನು ಮೇಜಿನ ಮೇಲೆ ಸುರಿದೆ.

"ಢೋಲಿನವರ ಹಾಜರಿ ಹಾಕಾಕಿ ನೀನ. ಇವೆಲ್ಲ ನಿನ್ನ ಚೀಲದಾಗ ಇದ್ದವು. ಹೌದಲ್ಲ?"

ಮಂಜರಿ ಬೆರಳುಗಳನ್ನು ದುಪಟ್ಟಾಕ್ಕೆ ಒರೆಸಿಕೊಂಡಳು.

"ಸರ್‌ಗೆ ಖುಷಿ ಆಗ್ಲಿ ಅಂತ ಮೊದಲನೇ ಗುಂಡಿನ ಒತ್ತಬೇಕಂತಿದ್ದಿ. ಚೀಲದಾಗ ಕೈ ಹಾಕಿ, ನೋಡ್ಲಾರದ ಒತ್ತಿದಿ. ರಿಮೋಟ್ ಎಲ್ಲಾ ತಲಿಕೆಳಗ ಇದ್ದವು. ಮೇಲಿಂದಂತ ಒತ್ತಿದ್ದು ಕೆಳಗಿಂದಾತು."

ಮಂಜರಿ ಬಿಕ್ಕಿದಳು.

"ಸರ್, ನಿಮ್ಮ ಮುಖಾ ನೋಡಿ ಜೀವಾನ ಹೋತ್ರಿ. ಮ್ಯಾಲೆ ಎಲ್ಲಾರ್ನೂ ಮನೀಗೆ ಕರೀತೀನಂದ್ರಿ. ಢೋಲಿನವರು ಬಂದು ನಾವು ಅವತ್ತ ಇರಲೇ ಇಲ್ಲ ಅಂದ್ರ? ನಾನ ಕಿತ್ತು ನೀರಾಗ ಹಾಕಿದೆ."

"ನನ್ನ ಹೆಸರು ಬಂದಾಗ?" ಎಂದ ಸಂಜು.

"ಹೇಳ್ಬೇಕಂತ ಈ ಬಾಗಲತನಕಾ ಬಂದಿದ್ದೆ. ಮತ್ತ ಮತ್ತ ಬಂದೆ. ಕಾಲು ಒಳಗ ಬರ್ಲಿಲ್ಲೋ ಸಂಜು." ಅವಳು ಅವನತ್ತ ಕೈ ಮುಗಿದಳು. ಅವನು ಕಿಟಕಿಯ ಕಡೆ ತಿರುಗಿದ.

ಮೇಡಂ ಎದ್ದು ಸಂಜುವಿನ ಕ್ಷಮೆ ಕೇಳಿದರು. ಮಂಜರಿಯ ಶಿಕ್ಷೆ ಆಮೇಲೆ ನೋಡೋಣ ಎಂದರು. ಸರ್ ಕಡೆ ತಿರುಗಿ, ಆ ಓಟೆಲ್ಲ ಖೋಟಾ, ಇನ್ನು ರಾಜೀನಾಮೆಯ ಮಾತೇ ಬೇಡ ಎಂದು ನಕ್ಕರು.

ಸರ್ ನಗದೆ ಮಂಜರಿಯತ್ತ ತಿರುಗಿದರು.

"ಮಂದೀದು ಬಿಡವ್ವಾ. ನಿನ್ನ ಸ್ವಂತ ರಿಮೋಟ್ ಎಲ್ಲಿತ್ತು?"

"ಕೈಯಾಗ ಇತ್ರಿ."

"ಅದರಾಗ ಯಾವ್ದು ಒತ್ತಿದಿ?"

ಇರುವೆಯನ್ನೂ ಬಿಡದ ನನಗೆ ಈ ಪ್ರಶ್ನೆ ಹೊಳೆದಿರಲೇ ಇಲ್ಲ.

"ನಾಲ್ಕನೇದ್ರಿ ಸರ್. ಅದೊಂದು ನೋಡೇ ಒತ್ತಿದ್ದೆ."

ಸರ್ ಕುರ್ಚಿ ಎಳೆದು ಅವಳ ಎದುರಿಗೆ ಕೂತರು.

"ಎಲ್ಲಿಂದ ತಿಳೀಲಿಲ್ಲ? ಅಲ್ಲಿಂದ ಹೇಳು."