ಒಲೆಗೆ ಹಾಕದ ಒನಕೆ

2004ರ ಮಾರ್ಚ್ 9, ಬೆಳಿಗ್ಗೆ ಎಂಟು. ಬೆಟ್ಟದ ಠಾಣೆಗೆ ಆ ದಿನದ ದೂರು ತಾನೇ ಆರೋಪಿಯನ್ನು ಕರೆದುಕೊಂಡು ಬಂತು. ಪಣಕಹಳ್ಳಿಯ ಕೂಲಿ ಮಲ್ಲಯ್ಯ ಮೇಜಿನ ಮೇಲೆ ಕುಡುಗೋಲು ಇಟ್ಟು, "ಮೇಸ್ತ್ರಿ ನಂಜಪ್ಪನ್ನ ನಾನೇ ಕೊಂದೆ ಕಣ್ ಸ್ವಾಮಿ" ಎಂದ.

ಇನ್‌ಸ್ಪೆಕ್ಟರ್ ಉಮಾಶಂಕರ್ ಅಂದರೆ ಸಾಮಾನ್ಯರೇ? ಅವರು ಕೆಮ್ಮಿದರೆ ತಾಳಮಲೆಯ ಆನೆ ಹಿಂಡು ಹಾಸನೂರಿಗೆ ಓಡುತ್ತಿತ್ತು! ಎಫ್‌ಐಆರ್, ಪಂಚನಾಮೆ, ಬಂಧನ, ಎಲ್ಲ ಅವರ ಕಾಫಿ ಆರುವ ಮುಂಚೆ ಮುಗಿದವು. ಭೂಮಂಡಲದಲ್ಲೇ ಇಷ್ಟು ಬೇಗ ಯಾವ ಕೊಲೆಯೂ ಪತ್ತೆಯಾಗಿಲ್ಲ. ಬುರುಡೆ ಒಡೆದಿದೆ, ಕೊಯ್ದ ಗಾಯವಿಲ್ಲ ಎಂದು ಡಾಕ್ಟರು ಬರೆದರೆ, ಸಾಹೇಬರು "ಕುಡುಗೋಲಿನ ಹಿಂಬದಿಯಿಂದ" ಎಂದು ಸೇರಿಸಿದರು. ಕೆಳಗಿನ ಕೋರ್ಟು ಜೀವಾವಧಿ ಕೊಟ್ಟಿತು.

2007ರಲ್ಲಿ ವಕೀಲೆ ಸುಧಾಮಣಿ ಹೈಕೋರ್ಟಿಗೆ ಅಪೀಲು ಹಾಕಿದರು: ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವೇ ಅಲ್ಲ. ಕಣ್ಣು ಮುಚ್ಚಿ ಗೆಲ್ಲಬಹುದಾದ ಅಪೀಲು. ಆದರೆ ಜೈಲಿನಲ್ಲಿದ್ದ ಮಲ್ಲಯ್ಯನೇ ಅದನ್ನು ವಾಪಸು ತೆಗೆಯಿರಿ ಎಂದು ಹಟ ಹಿಡಿದ.

ಆ ಸುದ್ದಿ ಕೇಳಿ ಅವನ ಹೆಂಡತಿ ಮಾದಿ ಠಾಣೆಗೆ ಓಡಿಬಂದಳು.

"ನಂಜಪ್ಪನ್ನ ಒಡ್ದೋಳು ನಾನು. ನನ್ ಗಂಡನ್ನ ಬುಟ್ಬುಡಿ."

ಸಾಹೇಬರು ನಕ್ಕರು. "ಇಲ್ಲಿ ಹೇಳಿದ್ದು ಕೋರ್ಟಲ್ಲಿ ನಡೆಯಲ್ಲ ಅಂತ ನಿಮ್ಮ ವಕೀಲಮ್ಮನೇ ಬರೆದವರೆ. ನಿನ್ನ ಮಾತೂ ಅಷ್ಟೇ ಕಣಮ್ಮ."

"ಅವನು ಸುಳ್ಳೇಳುದ್ರೆ ಒಂದೇ ಗಳಿಗೇಲಿ ನಂಬುದ್ರಿ!" ಮಾದಿ ಮೇಜು ಗುದ್ದಿದಳು. "ನಾನು ನಿಜ ಏಳುದ್ರೆ ನಗ್ತೀರಾ?"

ನಗು ನಿಂತಿತು. ಅವಳು ತೋರಿಸಿದ ಜಾಗದಲ್ಲಿ ವಸ್ತು ಸಿಕ್ಕರೆ ಅಷ್ಟು ಮಾತ್ರ ಕಾನೂನಿನಲ್ಲಿ ನಿಲ್ಲುತ್ತದೆಂದು ಅವರಿಗೆ ಗೊತ್ತಿತ್ತು.

"ಯಾತರಲ್ಲಿ ಹೊಡೆದೆ?"

"ಒನಕೇಲಿ."

"ಎಲ್ಲಿದೆ?"

"ಗುಡ್ಲಿಂದೆ ಊತಿವ್ನಿ."

"ಒಲೆಗೆ ಹಾಕಿದ್ದರೆ ಯಾರಿಗೂ ಗೊತ್ತೇ ಆಗ್ತಿರಲಿಲ್ಲವಲ್ಲಮ್ಮ!"

"ಸಾಮೆ ಕುಟ್ಟಿ ಅನ್ನ ಕೊಟ್ಟ ಒನಕೆ ಸ್ವಾಮಿ. ಒಲೆಗೆ ಆಕಕಾದಾ?"

ಅವಳನ್ನು ವಶಕ್ಕೆ ಪಡೆದು, ಇಬ್ಬರು ಪಂಚರ ಮುಂದೆ ಗುಡಿಸಲ ಹಿಂದೆ ಅಗೆಸಿದರು. ಗೆದ್ದಲು ಮರವನ್ನೆಲ್ಲ ತಿಂದುಹಾಕಿತ್ತು. "ಇಲ್ಲೇ ಐತೆ, ಇಲ್ಲೇ ಐತೆ" ಎನ್ನುತ್ತ ಮಾದಿ ಗುಂಡಿಗೆ ಹಾರಿ ಉಗುರಿನಲ್ಲಿ ಬಗೆದಳು. ಉಗುರು ಕಿತ್ತು ರಕ್ತ ಬಂದ ಮೇಲೆ ಒನಕೆಯ ತುದಿಯ ಕಬ್ಬಿಣದ ಬಳೆ ಸಿಕ್ಕಿತು. ಅದರ ಕೆಳಗೆ ಒಂಟಿ ಚಪ್ಪಲಿ. ಶವದ ಕಾಲಲ್ಲಿ ಒಂದೇ ಇತ್ತೆಂಬುದು ಹಳೆಯ ಪಂಚನಾಮೆಯಲ್ಲಿತ್ತು. ಇನ್ನೊಂದನ್ನು ಯಾರೂ ಹುಡುಕಿರಲಿಲ್ಲ.

ಮಾದಿ ಗುಂಡಿಯಲ್ಲೇ ಕುಳಿತು ನಿಟ್ಟುಸಿರು ಬಿಟ್ಟಳು. ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು.

ಜೀಪಿನಲ್ಲಿ ಕಾನ್‌ಸ್ಟೇಬಲ್ ಮುರುಗನ್ ಕೇಳಿದ: "ಯಾಕಮ್ಮ ಹೊಡೆದೆ?"

"ಮಗೀಗೆ ಆಲು ಕುಡುಸ್ತಾ ಕುಂತಿದ್ದೆ. ಒಳಕ್ ನುಗ್ಗಿ ಸೆರಗಿಗೆ ಕೈ ಆಕ್ದ."

"ಅವತ್ತೇ ಯಾಕೆ ಹೇಳಲಿಲ್ಲ?"

"ನಾನ್ ಜೈಲಿಗೋದ್ರೆ ಮಗು ಉಳಿತಿತ್ತಾ? ನನ್ ಗಂಡ ಆಲು ಕುಡುಸಕಾದಾ? ಅದ್ಕೇ ಅವನೋದ." ಮಾದಿ ಬೆರಳಿನ ಮಣ್ಣನ್ನು ಸೀರೆಗೆ ಒರೆಸಿದಳು. "ಈಗ ಮುದ್ದೆ ಉಣ್ತದೆ. ಮುದ್ದೆ ತೊಳ್ಸೋದ್ನ ಅವನೂ ಕಲೀತಾನೆ, ಬುಡಿ."

ಮುಂದಿನ ತಿಂಗಳು ಹೈಕೋರ್ಟು ಶಿಕ್ಷೆಯನ್ನು ರದ್ದು ಮಾಡಿತು. ಮಲ್ಲಯ್ಯ ಮನೆಗೆ ಬಂದಾಗ, ನೆರೆಮನೆಯವರು ನೋಡಿಕೊಳ್ಳುತ್ತಿದ್ದ ಮಗು ಅವನನ್ನು ನೋಡಿ, ಯಾರೋ ಬಂದವರೆ ಅಂತ ಜೈಲಿನಲ್ಲಿದ್ದ ಅವ್ವನನ್ನು ಕೂಗಿತು.